ಗುಂಡಿ ಒತ್ತುವ ಕ್ಯಾಮೆರಾ ಮತ್ತು ಒಂದು ಮಸುಕಾದ ಪಟ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. (ಈಗ ದೊಡ್ಡ ಹುದ್ದೆಯಲ್ಲಿರುವವನನ್ನು ಹೀಗೆ ಏಕವಚನದಲ್ಲಿ ಬರೆಯುವ ಸ್ವಾತಂತ್ರ್ಯ ನಮ್ಮಂಥ ನಿವೃತ್ತ ಮಾಸ್ತರರಿಗೆ ಮಾತ್ರ ಉಳಿದಿದೆ, ಅದನ್ನು ನಾನು ಬಿಟ್ಟುಕೊಡಲಾರೆ.) ಕಾಲೇಜಿನಲ್ಲಿ ಓದುತ್ತಿರುವ ಅವನ ಮಗಳು ಹಳೆಯ ರೀಲು ಕ್ಯಾಮೆರಾವೊಂದನ್ನು ಎಲ್ಲಿಂದಲೋ ತರಿಸಿಕೊಂಡಿದ್ದಾಳಂತೆ. ಅವಳಿಗಿಂತ ವಯಸ್ಸಿನಲ್ಲಿ ಹಿರಿದಾದ ಕ್ಯಾಮೆರಾ. ಈಗಿನ ತರುಣ ತರುಣಿಯರಿಗೆ ಅದೊಂದು ಹವ್ಯಾಸವಾಗಿದೆಯೆಂದು ತಿಳಿದು ನನಗೆ ಆಶ್ಚರ್ಯವೂ ಸ್ವಲ್ಪ ನಗುವೂ ಬಂತು. "ಸರ್, ಇದಕ್ಕೆ ರೀಲು ಹಾಕುವುದು ಹೇಗೆಂದು ನನಗೂ ಗೊತ್ತಿಲ್ಲ. ನಿಮ್ಮನ್ನು ನೆನೆದರೆ ನಿಮ್ಮ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಆ ಕಪ್ಪು ಕ್ಯಾಮೆರಾವೇ ಮೊದಲು ಕಣ್ಣೆದುರು ಬರುತ್ತದೆ. ನೀವೇ ಹೇಳಿಕೊಡಿ" ಎಂದ. ಮೂವತ್ತು ವರ್ಷ ಇತಿಹಾಸ ಕಲಿಸಿದವನ ನೆನಪಾಗಿ ಹೊಯ್ಸಳರೂ ಉಳಿಯಲಿಲ್ಲ, ಪಾಣಿಪತ್ತೂ ಉಳಿಯಲಿಲ್ಲ. ಉಳಿದದ್ದು ಆ ಡಬ್ಬಿ!

ಆ ಹುಡುಗಿಗೆ ಹೇಳಬೇಕಾದಷ್ಟನ್ನು ಹೇಳಿದೆ. ಆದರೆ ಮಾತು ಮುಗಿದ ಮೇಲೂ ಆ ಕ್ಯಾಮೆರಾ ನನ್ನನ್ನು ಬಿಡಲಿಲ್ಲ. ಅದರ ಚರಿತ್ರೆಯನ್ನು ಬರೆಯಬೇಕೆನಿಸಿತು. ಅದರ ಜೊತೆಗೆ, ಈ ಬರಹಗಳನ್ನು ಓದುವ ನನ್ನ ಬಂಧುಗಳಿಗೆ ನಾನು ಬಹುಕಾಲದಿಂದ ಕೊಡಬೇಕಾಗಿದ್ದ ಒಂದು ಲೆಕ್ಕವೂ ಇದರೊಳಗೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಬಾಲ್ಯದಲ್ಲಿ ಪಟ ತೆಗೆಸಿಕೊಳ್ಳುವುದೆಂದರೆ ಪೇಟೆಗೆ ಹೋಗುವುದು. ಸ್ಟುಡಿಯೋದಲ್ಲಿ ಬಣ್ಣ ಬಳಿದ ಪರದೆ, ಎರಡು ದೊಡ್ಡ ದೀಪ, ಕೂರಲು ಒಂದು ಕುರ್ಚಿ, ತಲೆ ಬಾಚಿಕೊಳ್ಳಲು ಹಲ್ಲು ಮುರಿದ ಒಂದು ಬಾಚಣಿಗೆ. ಹಿರಿಯರು ಅದಕ್ಕೂ ಹಿಂಜರಿಯುತ್ತಿದ್ದರು. ಪಟ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆಂಬ ನಂಬಿಕೆ ನಮ್ಮಜ್ಜಿಯ ಕಾಲಕ್ಕೂ ಗಟ್ಟಿಯಾಗಿತ್ತು. ನಮ್ಮ ಸುತ್ತಿನ ಹಳ್ಳಿಗಳ ಎಷ್ಟೋ ಮುದುಕ ಮುದುಕಿಯರು ಮೊಟ್ಟಮೊದಲು ಕ್ಯಾಮೆರಾದ ಮುಂದೆ ಕುಳಿತದ್ದು 1993ರಲ್ಲಿ ಚುನಾವಣಾ ಆಯೋಗ ಭಾವಚಿತ್ರವುಳ್ಳ ಗುರುತಿನ ಚೀಟಿಯ ಯೋಜನೆ ತಂದ ಮೇಲೆ. ಆ ಚೀಟಿಗಳಲ್ಲಿ ಯಾರ ಮುಖವೂ ಅವರಂತೆ ಇರಲಿಲ್ಲ ಎಂಬುದು ಬೇರೆ ಮಾತು.

ಪರಿಣತನಲ್ಲದವನ ಕೈಗೆ ಕ್ಯಾಮೆರಾ ಕೊಟ್ಟ ಕೀರ್ತಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಎಂಬಾತನಿಗೆ ಸಲ್ಲಬೇಕು. 1888ರಲ್ಲಿ ಆತ ಮಾರಾಟಕ್ಕೆ ತಂದ ಕೊಡಕ್ ಕ್ಯಾಮೆರಾದ ಬೆಲೆ 25 ಡಾಲರು. ಅದರೊಳಗೆ ನೂರು ಚಿತ್ರಗಳಿಗಾಗುವಷ್ಟು ಸುರುಳಿಯನ್ನು ಕಾರ್ಖಾನೆಯಲ್ಲೇ ತುಂಬಿಸಿರುತ್ತಿದ್ದರು. ನೂರೂ ಮುಗಿದ ಮೇಲೆ ಕ್ಯಾಮೆರಾವನ್ನೇ ರೋಚೆಸ್ಟರ್ ಪಟ್ಟಣದ ಕಾರ್ಖಾನೆಗೆ ಕಳುಹಿಸಬೇಕು. 10 ಡಾಲರು ಕೊಟ್ಟರೆ ಚಿತ್ರಗಳೂ, ಹೊಸ ಸುರುಳಿ ತುಂಬಿದ ಕ್ಯಾಮೆರಾವೂ ಮರಳಿ ಬರುತ್ತಿದ್ದವು. ಗುಂಡಿ ಒತ್ತುವುದಷ್ಟೇ ಗಿರಾಕಿಯ ಕೆಲಸ, ಉಳಿದದ್ದು ಕಂಪನಿಯ ಹೊಣೆ. 1900ರಲ್ಲಿ ಬಂದ ಬ್ರೌನಿ ಎಂಬ ಪೆಟ್ಟಿಗೆ ಕ್ಯಾಮೆರಾದ ಬೆಲೆ ಒಂದೇ ಡಾಲರಾದಾಗ ಮಕ್ಕಳ ಕೈಗೂ ಅದು ಸಿಕ್ಕಿತು. ಸಿನಿಮಾದ ಫಿಲ್ಮನ್ನೇ ಬಳಸಿ ಪುಟ್ಟ ಕ್ಯಾಮೆರಾ ಮಾಡುವ ಯೋಚನೆ ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿಯದು; ಆತನ ಲೈಕಾ 1925ರಲ್ಲಿ ಮಾರುಕಟ್ಟೆಗೆ ಬಂತು. ನಾವೆಲ್ಲ ‘ರೀಲು’ ಎಂದು ಕರೆಯುತ್ತಿದ್ದ, ಹಗಲ ಬೆಳಕಿನಲ್ಲೇ ಹಾಕಬಹುದಾದ 35 ಮಿಲಿಮೀಟರಿನ ಡಬ್ಬಿಯನ್ನು ಕೊಡಕ್ ಕಂಪನಿ 1934ರಲ್ಲಿ ತಂದಿತು.

ನಮ್ಮ ದೇಶದಲ್ಲಿ ಮಧ್ಯಮ ವರ್ಗದವರ ಕ್ಯಾಮೆರಾವೆಂದರೆ ಬಹುಕಾಲ ಆಗ್ಫಾ ಕ್ಲಿಕ್ III. ಅಗಲವಾದ ರೀಲು, ಹನ್ನೆರಡೇ ಚಿತ್ರ. ಬೆನ್ನಿಗೊಂದು ಕೆಂಪು ಕಿಂಡಿ, ಅದರಲ್ಲಿ ಸಂಖ್ಯೆ ಕಾಣಿಸುವವರೆಗೆ ಕೈಯಲ್ಲಿ ತಿರುವುತ್ತಿರಬೇಕು. ಕಪ್ಪು ಬಿಳುಪಿನ ರೀಲುಗಳಲ್ಲಿ ನಮ್ಮದೇ ಆದದ್ದೊಂದಿತ್ತು: ಉದಕಮಂಡಲದಲ್ಲಿ 1967ರಲ್ಲಿ ಉತ್ಪಾದನೆ ಆರಂಭಿಸಿದ, ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’. ಚಂದ್ರನೆಂದೂ, ಈ ದಿನವೆಂದೂ ಎರಡರ್ಥ ಕೊಡುವ ಆ ಹೆಸರು ನನಗೆ ಬಲು ಇಷ್ಟವಾಗಿತ್ತು. ಊಟಿಗೆ ಪ್ರವಾಸ ಹೋದಾಗ ಮಕ್ಕಳಿಗೆ ಆ ಕಾರ್ಖಾನೆಯ ಗೇಟನ್ನು ಹೊರಗಿನಿಂದ ತೋರಿಸಿದ್ದೆ. ಮಕ್ಕಳು ಅದನ್ನು ನೋಡದೆ ಎದುರಿನ ಕ್ಯಾರೆಟ್ ಮಾರುವವಳನ್ನು ನೋಡಿದರು. ಆ ಕಾರ್ಖಾನೆ ಈಗ ಇಲ್ಲ.

ನಿಜವಾದ ಬದಲಾವಣೆ ಬಂದದ್ದು ಜಪಾನಿನಿಂದ, ಅದೂ ಐದೇ ವರ್ಷಗಳ ಅವಧಿಯಲ್ಲಿ. ಒಳಗೇ ಫ್ಲಾಶ್ ಅಡಗಿದ್ದ ಪುಟ್ಟ ಕ್ಯಾಮೆರಾವನ್ನು ಕೊನಿಕಾ ಕಂಪನಿ 1975ರಲ್ಲಿ ತಂದಿತು. ಎರಡು ವರ್ಷಗಳ ಅನಂತರ, 1977ರಲ್ಲಿ, ಅದೇ ಕಂಪನಿಯ ಸಿ35 ಎಎಫ್ ಬಂತು. ಎದುರಿಗಿರುವ ವಸ್ತು ಎಷ್ಟು ದೂರವಿದೆಯೆಂದು ತಾನೇ ಅಳೆದು ಮಸೂರವನ್ನು ಹೊಂದಿಸಿಕೊಳ್ಳುತ್ತಿದ್ದ, ಸಾಮಾನ್ಯರು ಕೊಳ್ಳಬಹುದಾದ ಮೊದಲ ಕ್ಯಾಮೆರಾ ಅದು. 1979ರಲ್ಲಿ ಕ್ಯಾನನ್ ಕಂಪನಿಯ ಎಎಫ್35ಎಂ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದು ಕಣ್ಣಿಗೆ ಕಾಣದ ಅವಗೆಂಪು ಕಿರಣವೊಂದನ್ನು ಎದುರಿಗೆ ಬಿಟ್ಟು, ಮರಳಿ ಬಂದ ಕಿರಣದಿಂದ ದೂರವನ್ನು ಲೆಕ್ಕ ಹಾಕುತ್ತಿತ್ತು. ಒಂದು ಚಿತ್ರ ಮುಗಿದ ಕೂಡಲೇ ಪುಟ್ಟ ಮೋಟಾರಿನಿಂದ ರೀಲನ್ನು ಮುಂದಕ್ಕೆ ಎಳೆದುಕೊಳ್ಳುತ್ತಿತ್ತು. 1983ರಲ್ಲಿ ರೀಲಿನ ಡಬ್ಬಿಯ ಮೇಲೆ ಚದುರಂಗದ ಮನೆಗಳಂತಹ ಕಪ್ಪು-ಬೆಳ್ಳಿಯ ಗುರುತುಗಳು ಬಂದ ಮೇಲೆ, ಒಳಗಿರುವುದು ಯಾವ ವೇಗದ ಫಿಲ್ಮೆಂಬುದನ್ನು ಕ್ಯಾಮೆರಾ ತಾನೇ ಮುಟ್ಟಿ ತಿಳಿಯತೊಡಗಿತು. ಮನುಷ್ಯ ತಿಳಿದಿರಬೇಕಾದ ಮೂರು ಸಂಗತಿಗಳು, ಅಂದರೆ ದೂರ, ಬೆಳಕು ಮತ್ತು ಫಿಲ್ಮಿನ ಜಾತಿ, ಹೀಗೆ ಒಂದೊಂದಾಗಿ ಅವನ ಕೈಯಿಂದ ಜಾರಿ ಯಂತ್ರದೊಳಕ್ಕೆ ಹೋದವು. ಉಳಿದದ್ದು ಗುಂಡಿ.

ಅಂಥ ಕ್ಯಾಮೆರಾಗಳು ನಮ್ಮಲ್ಲಿ ಅಂಗಡಿಯಿಂದ ಬರುತ್ತಿರಲಿಲ್ಲ, ಯಾರಾದರೂ ‘ತಂದುಕೊಡಬೇಕಿತ್ತು’. ಆಮದಿನ ನಿರ್ಬಂಧ, ಸುಂಕ ಎರಡೂ ಜೋರಾಗಿದ್ದ ಕಾಲ. ಮದರಾಸಿನ ಬರ್ಮಾ ಬಜಾರಿಗೆ ಹೋಗಿ ಬಂದವರು ಅಂಗಿಯೊಳಗೆ ಬಚ್ಚಿಟ್ಟು ತಂದ ಕಥೆ ಹೇಳುತ್ತಿದ್ದರು. ನನಗೆ ತಂದುಕೊಟ್ಟದ್ದು ಮಸ್ಕತ್‌ನಲ್ಲಿದ್ದ ಭಾವ, 1985ರ ರಜೆಯಲ್ಲಿ ಊರಿಗೆ ಬಂದಾಗ. ಅದರ ಹೆಸರು ಇಲ್ಲಿ ಬೇಡ. ಒಂದು ಮುಷ್ಟಿಯಲ್ಲಿ ಹಿಡಿಯುವಷ್ಟು ಗಾತ್ರದ ಕಪ್ಪು ಕ್ಯಾಮೆರಾ. ಎರಡು ಪೆನ್ಸಿಲ್ ಸೆಲ್ಲು. ಬಳಸುವ ವಿಧಾನ ಹೇಳುವ ಪುಸ್ತಿಕೆ ಮಾತ್ರ ಭಾವನ ಸಾಮಾನಿನಲ್ಲಿ ಎಲ್ಲೋ ಕಳೆದುಹೋಗಿತ್ತು. "ಪುಸ್ತಕ ಯಾಕೆ ಮಾರಾಯ, ಒತ್ತುವುದು ಅಷ್ಟೇ" ಎಂದಿದ್ದರು ಭಾವ. ಪಾಠಕ್ಕೆ ಹೋಗುವ ಮುನ್ನ ಪುಸ್ತಕ ಓದಬೇಕೆಂದು ಮಕ್ಕಳಿಗೆ ದಿನವೂ ಹೇಳುತ್ತಿದ್ದವನು ನಾನು. ಆ ಮಾತಿಗೆ ತಲೆಯಾಡಿಸಿದೆ.

ಆ ಕ್ಯಾಮೆರಾದೊಂದಿಗಿನ ದಿನನಿತ್ಯದ ವ್ಯವಹಾರವೆಂದರೆ ಮುಖ್ಯವಾಗಿ ಲೆಕ್ಕಾಚಾರ. ಒಂದು ರೀಲಿಗೆ ಮೂವತ್ತಾರು ಚಿತ್ರ. ರೀಲಿನ ಬೆಲೆ, ತೊಳೆಸುವ ಖರ್ಚು, ಪ್ರಿಂಟಿನ ಖರ್ಚು ಕೂಡಿಸಿ ಭಾಗಿಸಿದರೆ ಗುಂಡಿಯನ್ನು ಒಮ್ಮೆ ಒತ್ತಿದ್ದಕ್ಕೆ ನಮ್ಮೂರ ಹೋಟೆಲಿನ ಒಂದು ಊಟದ ಬೆಲೆ. ಹೀಗಾಗಿ ಒಂದು ರೀಲು ನಮ್ಮ ಮನೆಯಲ್ಲಿ ಗೌರಿ ಹಬ್ಬಕ್ಕೆ ಆರಂಭವಾಗಿ ಯುಗಾದಿಗೆ ಮುಗಿಯುತ್ತಿತ್ತು. ಪ್ರಿಂಟು ಬಂದಾಗ ಮೊದಲ ಚಿತ್ರದಲ್ಲಿ ತೊಟ್ಟಿಲಲ್ಲಿದ್ದ ಮಗು ಕೊನೆಯ ಚಿತ್ರದಲ್ಲಿ ಗೋಡೆ ಹಿಡಿದು ನಿಂತಿರುತ್ತಿತ್ತು.

ಫ್ಲಾಶಿನ ಕೀಲಿಯನ್ನು ಮೇಲೆತ್ತಿದರೆ ಸೊಳ್ಳೆ ಹಾಡಿದಂತೆ ಸಣ್ಣಗೆ ಕುಂಯ್ ಎನ್ನುವ ಸದ್ದು ಏರುತ್ತ ಹೋಗುತ್ತಿತ್ತು. ಪುಟ್ಟ ದೀಪ ಹತ್ತಿಕೊಳ್ಳುವ ತನಕ ಎಲ್ಲರೂ ನಗುವನ್ನು ಹಿಡಿದುಕೊಂಡೇ ನಿಂತಿರಬೇಕು. ಸೆಲ್ಲು ಹಳೆಯದಾದಷ್ಟೂ ಈ ಕಾಯುವಿಕೆ ದೀರ್ಘ. ಕೊನೆಗೆ ನಗು ಹೋಗಿ ಮುಖದಲ್ಲಿ ಹಲ್ಲುಗಳಷ್ಟೇ ಉಳಿಯುತ್ತಿದ್ದವು. ಆ ಫ್ಲಾಶಿನ ಬೆಳಕು ಹತ್ತು ಹದಿನೈದು ಅಡಿಗಿಂತ ದೂರ ಹೋಗಲಾರದು. ಆದರೆ ಮೈಸೂರು ಅರಮನೆಯ ದೀಪಾಲಂಕಾರಕ್ಕೆ ಒಂದು ಫರ್ಲಾಂಗು ದೂರದಿಂದ ಫ್ಲಾಶ್ ಹಾಕುವವರನ್ನು ಪ್ರತಿ ದಸರೆಯಲ್ಲೂ ನೋಡಿದ್ದೇನೆ. ನಾನೂ ಹಾಕಿದ್ದೇನೆ.

ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ನಾವು ಕಣ್ಣಿಟ್ಟು ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಮಸೂರ ಬೇರೆ. ಕಿಂಡಿಯಲ್ಲಿ ಎಲ್ಲವೂ ಸದಾ ನಿಚ್ಚಳ. ಮಸೂರದ ಮುಂದೆ ನಮ್ಮದೇ ಹೆಬ್ಬೆರಳು ಅಡ್ಡ ಬಂದಿದ್ದರೂ, ಚೀಲದ ದಾರ ಇಳಿಬಿದ್ದಿದ್ದರೂ, ಕ್ಯಾಮೆರಾ ಎಲ್ಲಿಗೋ ಗುರಿಯಿಟ್ಟಿದ್ದರೂ ಕಿಂಡಿ ಮಾತ್ರ ಎಲ್ಲ ಸರಿಯಿದೆಯೆಂದೇ ಹೇಳುತ್ತದೆ. ತಪ್ಪು ತಿಳಿಯುವುದು ಹತ್ತು ದಿನಗಳ ಅನಂತರ.

ಹತ್ತು ದಿನ ಯಾಕೆಂದರೆ ಬಣ್ಣದ ರೀಲನ್ನು ನಮ್ಮ ಪೇಟೆಯಲ್ಲಿ ತೊಳೆಯುತ್ತಿರಲಿಲ್ಲ. ಕಪ್ಪು ಬಿಳುಪಿನದನ್ನು ಸ್ಟುಡಿಯೋದವರು ಹಿಂದಿನ ಕತ್ತಲೆ ಕೋಣೆಯಲ್ಲಿ ಟ್ರೇಗಳನ್ನಿಟ್ಟುಕೊಂಡು ತಾವೇ ತೊಳೆಯುತ್ತಿದ್ದರು. ಬಣ್ಣದ್ದು ಹಾಗಲ್ಲ. ಕೊಡಕ್ ಕಂಪನಿ 1972ರಲ್ಲಿ ತಂದ, ಮುಂದೆ ಲೋಕವೆಲ್ಲ ಒಪ್ಪಿಕೊಂಡ ಸಿ-41 ಎಂಬ ವಿಧಾನದಲ್ಲಿ ದ್ರಾವಣ ಸುಮಾರು 38 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿರಬೇಕು, ಫಿಲ್ಮು ಅದರಲ್ಲಿ ಮೂರೂಕಾಲು ನಿಮಿಷವಿರಬೇಕು. ಶಾಖ ಸ್ವಲ್ಪ ಹೆಚ್ಚು ಕಡಿಮೆಯಾದರೂ ಬಣ್ಣ ಕೆಡುತ್ತದೆ. ವಿದ್ಯುತ್ತು ಯಾವಾಗ ಹೋಗುತ್ತದೆಂದು ತಿಳಿಯದ ಊರಿನಲ್ಲಿ ಅದು ಸಾಧ್ಯವಿಲ್ಲದ ಮಾತು. ಆದ್ದರಿಂದ ನಮ್ಮ ಸ್ಟುಡಿಯೋದವರು ವಾರಕ್ಕೊಮ್ಮೆ ಎಲ್ಲರ ರೀಲುಗಳನ್ನೂ ಒಂದು ಬಟ್ಟೆಯ ಚೀಲದಲ್ಲಿ ಕಟ್ಟಿ ರಾತ್ರಿ ಬಸ್ಸಿನ ಕಂಡಕ್ಟರರ ಕೈಯಲ್ಲಿ ಬೆಂಗಳೂರಿನ ಲ್ಯಾಬಿಗೆ ಕಳುಹಿಸುತ್ತಿದ್ದರು. ಬಂದ ಲಕೋಟೆಗಳನ್ನು ತಾವೇ ಒಮ್ಮೆ ತೆರೆದು ನೋಡಿ, ಕೆಟ್ಟದ್ದನ್ನು ಕೆಳಗಿಟ್ಟು, ಚೆನ್ನಾಗಿರುವುದನ್ನು ಮೇಲಿಟ್ಟು ಕೊಡುತ್ತಿದ್ದರು. ಆ ಮನುಷ್ಯನ ಈ ಅಭ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು.

1989ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳದ ಪ್ರವಾಸಕ್ಕೆ ಬಂದಿದ್ದವರಿಗೆ ನೆನಪಿರಬಹುದು. ಮಕ್ಕಳು ಐವತ್ನಾಲ್ಕು, ರೀಲು ಒಂದು. ಬಸ್ಸಿನಲ್ಲೇ ನಾನು ಗಣಿತ ಮಾಡಿದ್ದೆ: ಒಬ್ಬೊಬ್ಬರೂ ಕನಿಷ್ಠ ಎರಡು ಚಿತ್ರಗಳಲ್ಲಿ ಬರಬೇಕು, ಶಿಲ್ಪಗಳಿಗೂ ಹತ್ತು ಉಳಿಯಬೇಕು. ಬೇಲೂರಿನ ಚೆನ್ನಕೇಶವ ದೇವಾಲಯದ ಮುಂದೆ ಒಂಬತ್ತೊಂಬತ್ತು ಮಂದಿಯ ಆರು ತಂಡ ನಿಲ್ಲಿಸಿದೆ. ಒಂದು ತಂಡದಲ್ಲಿ ತೆಗೆಸಿಕೊಂಡವನು ಓಡಿಹೋಗಿ ಇನ್ನೊಂದು ತಂಡದ ಹಿಂದೆ ತಲೆಯೆತ್ತುತ್ತಿದ್ದ. ಹಾಗೆ ನಾಲ್ಕು ಚಿತ್ರಗಳಲ್ಲಿ ಬಂದ ಮಹಾನುಭಾವನೊಬ್ಬನಿದ್ದಾನೆ, ಅವನೀಗ ವಕೀಲ. ಒಳಗಿನ ನವರಂಗದ ಭುವನೇಶ್ವರಿಯನ್ನು ತೆಗೆಯಹೋಗಿ ಎರಡು ಚಿತ್ರ ಕಳೆದೆ, ಕತ್ತಲೆ ಬಂತು. ಐವತ್ತೆಂಟು ಅಡಿಯ ಗೊಮ್ಮಟನ ಪಾದದ ಬಳಿ ನಿಂತು ಮೇಲಕ್ಕೆ ಹಿಡಿದದ್ದರಲ್ಲಿ ಮೊಣಕಾಲಿನವರೆಗೆ ಮಾತ್ರ ಬಂತು. ಮರಳಿ ಬಂದ ಮೇಲೆ ಹದಿನೈದು ದಿನ ಪ್ರತಿ ಬೆಳಗ್ಗೆ ಪ್ರಾರ್ಥನೆ ಮುಗಿಯುವುದೇ ತಡ, "ಸಾರ್, ಫೋಟೋ ಬಂತಾ? ನಾನು ಬಂದಿದ್ದೇನಾ?" ತಾನು ಪಟದಲ್ಲಿ ಬಂದಿದ್ದೇನೆಯೇ ಎಂದು ಕೇಳುವಾಗ ಮಕ್ಕಳ ಮುಖದಲ್ಲಿ ಪರೀಕ್ಷೆಯ ಫಲಿತಾಂಶಕ್ಕೂ ಇಲ್ಲದ ಆತಂಕವಿರುತ್ತಿತ್ತು. ಅದೇ ಪ್ರವಾಸದಲ್ಲಿ ನಮ್ಮ ಸಹೋದ್ಯೋಗಿಯೊಬ್ಬರು ಕೈಯಲ್ಲಿ ತಿರುವುವ ಇನ್ನೊಂದು ಕ್ಯಾಮೆರಾ ತಂದಿದ್ದರು. ರೀಲಿನ ತುದಿ ಹಲ್ಲಿಗೆ ಸಿಕ್ಕಿರಲಿಲ್ಲ. ಎರಡು ದಿನವೂ ಅವರು ತೆಗೆದ ಮೂವತ್ತಾರು ಚಿತ್ರಗಳು ಎಲ್ಲಿಯೂ ದಾಖಲಾಗಲಿಲ್ಲ. ಅವರ ಕ್ಯಾಮೆರಾದ ಮುಂದೆ ಮಾತ್ರ ನಿಂತಿದ್ದ ಇಬ್ಬರು ಹುಡುಗಿಯರು ಒಂದು ವಾರ ನಮ್ಮಿಬ್ಬರೊಡನೆಯೂ ಮಾತನಾಡಲಿಲ್ಲ.

ಇನ್ನು ಆ ಲೆಕ್ಕಕ್ಕೆ ಬರುತ್ತೇನೆ.

ನಮ್ಮ ಅಪ್ಪಯ್ಯನಿಗೂ ದೊಡ್ಡಪ್ಪಯ್ಯನಿಗೂ 1976ರಲ್ಲಿ ಹಿಸ್ಸೆಯಾಯಿತು. ಮನೆ, ಪಾತ್ರೆ, ದನ ಎಲ್ಲವೂ ಸಮಾಧಾನದಿಂದಲೇ ಹಂಚಿಕೆಯಾಗಿ, ತೋಟದ ಕಾದಿಗೆಯೊಂದರ ನೀರಿನಲ್ಲಿ ಮಾತು ಮುರಿಯಿತು. ಅಂದಿನಿಂದ ಹನ್ನೊಂದು ವರ್ಷ ಅವರಿಬ್ಬರೂ ಒಬ್ಬರ ಮೆಟ್ಟಿಲನ್ನು ಇನ್ನೊಬ್ಬರು ತುಳಿಯಲಿಲ್ಲ. ಎರಡು ಮನೆಗಳ ನಡುವೆ ಇದ್ದದ್ದು ಒಂದು ಬೇಲಿ ಮಾತ್ರ. ಹೆಂಗಸರು, ಮಕ್ಕಳು ಬೇಲಿಯಾಚೆಯಿಂದ ಮಾತನಾಡುತ್ತಿದ್ದೆವು, ಹಿರಿಯರು ಮನೆಯಲ್ಲಿಲ್ಲದಾಗ.

1987ರ ಏಪ್ರಿಲಿನಲ್ಲಿ ನನ್ನ ತಂಗಿಯ ಮದುವೆ. ಅವಳೆಂದರೆ ದೊಡ್ಡಪ್ಪಯ್ಯನಿಗೆ ಜೀವ. ಕರೆಯಲು ಹೋದವನು ನಾನು. "ಬರುತ್ತೇನೆ" ಎಂದಷ್ಟೇ ಹೇಳಿದರು. ಮದುವೆಯ ದಿನ ಬೆಳಗ್ಗೆ ದೊಡ್ಡಮ್ಮನೊಡನೆ ಬೇಲಿಯ ತಡಮೆ ದಾಟಿ ಬಂದರು. ಚಪ್ಪರದಲ್ಲಿದ್ದ ಜನರೆಲ್ಲ ಒಂದು ಕ್ಷಣ ಮಾತು ನಿಲ್ಲಿಸಿದ್ದು ನನಗೆ ಇಂದಿಗೂ ಕಿವಿಯಲ್ಲಿದೆ. ಮುಹೂರ್ತಕ್ಕಿನ್ನೂ ಸಮಯವಿತ್ತು. ನಾನು ಕ್ಯಾಮೆರಾ ತಂದು, ಜಗಲಿಯಲ್ಲಿ ತಂಗಿಯನ್ನು ನಡುವೆ ನಿಲ್ಲಿಸಿ, ಎಡಕ್ಕೆ ಅಪ್ಪಯ್ಯನನ್ನೂ ಬಲಕ್ಕೆ ದೊಡ್ಡಪ್ಪಯ್ಯನನ್ನೂ ನಿಲ್ಲಿಸಿದೆ. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು, "ಮೂರು ಜನ ಒಂದೇ ಪಟದಲ್ಲಿ ಬೇಡ ಮಾರಾಯ, ಅದೂ ಮದುವೆಯ ದಿನ!" ಎಂದರು. ಮೂವರು ಒಟ್ಟಿಗೆ ಪಟ ತೆಗೆಸಿಕೊಂಡರೆ ಒಬ್ಬರಿಗೆ ಕೇಡೆಂಬ ನಂಬಿಕೆಯನ್ನು ಕೇಳಿದವರು ನಿಮ್ಮಲ್ಲೂ ಇರಬಹುದು. ತಂಗಿ ಪಕ್ಕಕ್ಕೆ ಸರಿದಳು. ಅವಳು ನಿಂತಿದ್ದಷ್ಟು ಜಾಗ ಖಾಲಿ ಉಳಿಯಿತು. ಇಬ್ಬರಲ್ಲಿ ಯಾರೂ ಒಂದು ಹೆಜ್ಜೆ ಒಳಕ್ಕೆ ಸರಿಯಲಿಲ್ಲ. ಹತ್ತಿರ ಬನ್ನಿರೆಂದು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಒಟ್ಟಿಗೆ ನಿಂತಿದ್ದೇ ದೊಡ್ಡದೆನಿಸಿತ್ತು. ದೀಪ ಹತ್ತಿತು, ಒತ್ತಿದೆ.

ಹತ್ತು ದಿನಗಳ ಮೇಲೆ ಸ್ಟುಡಿಯೋದವರು ಲಕೋಟೆ ಕೊಟ್ಟರು. ಆ ಚಿತ್ರ ಎಲ್ಲಕ್ಕಿಂತ ಕೆಳಗಿತ್ತು. "ಮಾಸ್ತರೇ, ಇದೊಂದಕ್ಕೆ ದುಡ್ಡು ಬೇಡ. ಫೋಕಸ್ ಹಿಂದಕ್ಕೆ ಹೋಗಿಬಿಟ್ಟಿದೆ" ಎಂದರು. ಇಬ್ಬರ ಮುಖವೂ ಬೆಳ್ಳಗೆ ಹಿಟ್ಟು ಬಳಿದಂತೆ, ಅಂಚುಗಳು ಕರಗಿದಂತೆ. ಕಣ್ಣು ಮೂಗುಗಳಿವೆಯೆಂದು ತಿಳಿಯುತ್ತಿತ್ತು. ನೋಟ ಯಾವ ಕಡೆಗಿದೆಯೆಂದು ತಿಳಿಯುತ್ತಿರಲಿಲ್ಲ. ಅವರ ನಡುವಿನ ಖಾಲಿ ಜಾಗದಲ್ಲಿ, ತೆರೆದ ಬಾಗಿಲಿನಾಚೆ, ನಡುಮನೆಯ ಗೋಡೆ, ಗಡಿಯಾರ, ಕ್ಯಾಲೆಂಡರು ಎಲ್ಲವೂ ಸೂಜಿಯಲ್ಲಿ ಕೊರೆದಷ್ಟು ಸ್ಪಷ್ಟ.

ನಾಚಿಕೆಯಾಯಿತು. ಊರಿಗೆಲ್ಲ ಕ್ಯಾಮೆರಾದ ಮಾಸ್ತರನೆಂದು ಹೆಸರಾಗಿದ್ದವನು ಬೇಕಾದ ಒಂದೇ ಒಂದು ಪಟವನ್ನು ಕೆಡಿಸಿದ್ದೆ. ಅದನ್ನು ಯಾರಿಗೂ ತೋರಿಸದೆ ನನ್ನ ಸರ್ವಿಸ್ ಪುಸ್ತಕದ ಕಾಗದಗಳ ನಡುವೆ ಇಟ್ಟುಬಿಟ್ಟೆ. ಮರುವಾರ ದೊಡ್ಡಪ್ಪಯ್ಯ ಬೇಲಿಯ ಬಳಿ ನಿಂತು, "ಆ ಪಟ ಬಂತೇನೋ?" ಎಂದು ಕೇಳಿದರು. ಹನ್ನೊಂದು ವರ್ಷಗಳಲ್ಲಿ ಅವರು ನನ್ನಿಂದ ಏನನ್ನೂ ಕೇಳಿರಲಿಲ್ಲ. ನಾನು, "ಇಲ್ಲ ದೊಡ್ಡಪ್ಪಯ್ಯ, ಸ್ಟುಡಿಯೋದಲ್ಲಿ ತೊಳೆಯುವಾಗ ಹಾಳಾಯಿತಂತೆ" ಎಂದುಬಿಟ್ಟೆ. ಮುಂದಿನ ವರ್ಷ ಇನ್ನೊಮ್ಮೆ ಕೇಳಿದರು, ಅದೇ ಉತ್ತರ. ಅಪ್ಪಯ್ಯನಿಗೂ ಅದನ್ನೇ ಹೇಳಿದೆ.

ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. 1989ರಲ್ಲಿ ದೊಡ್ಡಪ್ಪಯ್ಯನ ಮಗನ ಮದುವೆ. ನಮ್ಮ ಕಡೆಯ ಮದುವೆಗಳಿಗೆಲ್ಲ ಅದೇ ಸ್ಟುಡಿಯೋದವರು ಫೋಟೋ ತೆಗೆಯುತ್ತಿದ್ದರು. ಈ ಬಾರಿ, "ಇದ್ದ ಒಂದು ಪಟವನ್ನೂ ಹಾಳು ಮಾಡಿದವನು" ಎಂದು ಹೇಳಿ ಬೇರೆ ಊರಿನವರನ್ನು ಕರೆಸಿದರು. ಅದನ್ನು ನೋಡಿ ಮತ್ತೆರಡು ಮನೆಯವರೂ ಹಾಗೆಯೇ ಮಾಡಿದರು. ಕಾರಣ ಸ್ಟುಡಿಯೋದವರ ಕಿವಿಗೆ ಖಂಡಿತ ಬಿದ್ದಿತ್ತು, ಸಣ್ಣ ಊರು. ಅವರು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಬೇಲೂರಿನ ರೀಲು ಕೊಡಲು ಹೋದಾಗಲೂ ಎಂದಿನಂತೆ "ನಮಸ್ಕಾರ ಮಾಸ್ತರೇ" ಎಂದು ರಸೀತಿ ಬರೆದುಕೊಟ್ಟರು.

ಅಪ್ಪಯ್ಯ 1990ರಲ್ಲಿ ತೀರಿಕೊಂಡರು, ದೊಡ್ಡಪ್ಪಯ್ಯ ಮರುವರ್ಷ. ಮದುವೆಯ ಅನಂತರ ಅವರು ಮಾತನಾಡುತ್ತಿದ್ದರೇ ಎಂದು ಮಕ್ಕಳು ಕೇಳುತ್ತಾರೆ. ಹೆಚ್ಚೇನಿಲ್ಲ, ಅಡಿಕೆಯ ಧಾರಣೆ ಕೇಳುವಷ್ಟು. ಅಪ್ಪಯ್ಯನ ಚೌಕಟ್ಟಿನ ಪಟ ಸಹಕಾರಿ ಸಂಘದ ಸದಸ್ಯತ್ವಕ್ಕೆಂದು ತೆಗೆಸಿದ ಪುಟ್ಟ ಚಿತ್ರವನ್ನು ಹಿಗ್ಗಿಸಿದ್ದು.

ಆ ದಿನ ಏನಾಯಿತೆಂಬುದು ನನಗೆ ತಿಳಿದದ್ದು 1994ರಲ್ಲಿ. ತರಬೇತಿಗೆಂದು ಶಿವಮೊಗ್ಗಕ್ಕೆ ಹೋಗಿದ್ದಾಗ ಜೊತೆಯ ಶಿಕ್ಷಕರೊಬ್ಬರ ಬಳಿ ಅಂಥದೇ ಕ್ಯಾಮೆರಾ ಇತ್ತು, ಪುಸ್ತಿಕೆಯೂ ಇತ್ತು. ಅದರಲ್ಲಿ ಒಂದು ಚಿತ್ರ: ಇಬ್ಬರು ಅಕ್ಕಪಕ್ಕ ನಿಂತಿದ್ದಾರೆ, ನಡುವೆ ಅಂತರ, ಮೇಲೊಂದು ತಪ್ಪಿನ ಗುರುತು. ಕ್ಯಾಮೆರಾ ದೂರವನ್ನು ಅಳೆಯುವುದು ಕಿಂಡಿಯ ನಟ್ಟನಡುವಿನ ಪುಟ್ಟ ಚೌಕದಲ್ಲಿ ಮಾತ್ರ. ಅಲ್ಲಿ ಮನುಷ್ಯನಿಲ್ಲದಿದ್ದರೆ ಕಿರಣ ಅಂತರದೊಳಗಿಂದ ಹಾದುಹೋಗಿ ಹಿಂದಿನ ಗೋಡೆಯನ್ನು ಮುಟ್ಟಿ ಬರುತ್ತದೆ. ಗೋಡೆ ದೂರವಿದೆಯೆಂದು ತಿಳಿದ ಕ್ಯಾಮೆರಾ ಫ್ಲಾಶಿನ ಬೆಳಕು ಸಾಲಲೆಂದು ದ್ವಾರವನ್ನೂ ಅಗಲಿಸಿಕೊಳ್ಳುತ್ತದೆ. ಹತ್ತಿರದವರ ಮುಖ ಮಸುಕಾಗುವುದರ ಜೊತೆಗೆ ಬೆಳ್ಳಗೂ ಆಗುತ್ತದೆ. ಇದೇ ಕಾರಣದಿಂದ ಬಸ್ಸಿನ ಗಾಜಿನ ಹಿಂದಿನಿಂದ ತೆಗೆದ ಘಟ್ಟದ ಚಿತ್ರಗಳೂ ಕೆಡುತ್ತಿದ್ದವು: ಕಿರಣ ಗಾಜಿಗೇ ಬಡಿದು ಮರಳುತ್ತಿತ್ತು. ಪರಿಹಾರ ಬಹಳ ಸುಲಭ. ಮೊದಲು ಒಬ್ಬರ ಮುಖದ ಮೇಲೆ ಚೌಕವಿಟ್ಟು ಗುಂಡಿಯನ್ನು ಅರ್ಧ ಒತ್ತಿ ಹಿಡಿಯಬೇಕು; ಹಾಗೆಯೇ ಹಿಡಿದುಕೊಂಡು ಕ್ಯಾಮೆರಾವನ್ನು ನಡುವಿಗೆ ತಿರುಗಿಸಿ ಪೂರ್ತಿ ಒತ್ತಬೇಕು. ಭಾವ ಕಳೆದುಕೊಂಡ ಪುಸ್ತಿಕೆಯಲ್ಲಿ ಇದ್ದದ್ದು ಇಷ್ಟೇ.

ಆಗಲಾದರೂ ಸ್ಟುಡಿಯೋದವರ ಬಳಿಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಕೇಳಬೇಕಾದ ಇಬ್ಬರೂ ಇಲ್ಲವಲ್ಲ, ಇನ್ನು ಯಾರಿಗೆ ಉಪಯೋಗ ಎಂದು ನನಗೆ ನಾನೇ ಹೇಳಿಕೊಂಡೆ. ಕೇಳಬೇಕಾದ ಮೂರನೆಯವರು ಕೌಂಟರಿನ ಹಿಂದೆ ಕುಳಿತಿದ್ದರು.

ಆಮೇಲಿನ ಚರಿತ್ರೆ ಎಲ್ಲರಿಗೂ ತಿಳಿದದ್ದೇ. ರೀಲಿಲ್ಲದ ಕ್ಯಾಮೆರಾವನ್ನು 1975ರಲ್ಲೇ ಮಾಡಿ ತೋರಿಸಿದವರು ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್. ಒಂದು ಚಿತ್ರ ಕ್ಯಾಸೆಟ್ಟಿನಲ್ಲಿ ದಾಖಲಾಗಲು 23 ಸೆಕೆಂಡು ಹಿಡಿಯುತ್ತಿತ್ತಂತೆ. ತನ್ನ ಮನೆಯಲ್ಲೇ ಹುಟ್ಟಿದ ಆ ಕೂಸು ಬೆಳೆದು ದೊಡ್ಡದಾದ ಮೇಲೆ, 2012ರ ಜನವರಿಯಲ್ಲಿ, ಅದೇ ಕಂಪನಿ ದಿವಾಳಿಯ ಅರ್ಜಿ ಹಾಕಿತು. ತಾನೇ ಗುರಿ ಹಿಡಿಯುವ ಕ್ಯಾಮೆರಾವನ್ನು ಲೋಕಕ್ಕೆ ಕೊಟ್ಟ ಕೊನಿಕಾ, ಮಿನೋಲ್ಟಾದೊಡನೆ ಸೇರಿ, 2006ರಲ್ಲಿ ಕ್ಯಾಮೆರಾ ವ್ಯಾಪಾರವನ್ನೇ ಬಿಟ್ಟಿತು. ಅದೇ ವರ್ಷ ನಮ್ಮ ಪೇಟೆಯ ಸ್ಟುಡಿಯೋವೂ ಮುಚ್ಚಿತು. ಅವರು 2011ರಲ್ಲಿ ತೀರಿಕೊಂಡರು. ಅವರ ಮಗ ಅದೇ ಜಾಗದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ನನ್ನ ಕ್ಯಾಮೆರಾ ಅದಕ್ಕೂ ಮೊದಲೇ, ಒಳಗೆ ಮರೆತಿದ್ದ ಸೆಲ್ಲು ಸೋರಿ ಹಸಿರು ಕಿಲುಬು ಹಿಡಿದು, ಸತ್ತಿತ್ತು.

ದೂರವಾಣಿಯ ಆ ಮಾತುಕತೆಯಾದ ಮರುದಿನ ನಾನು ಹಳೆಯ ಕಾಗದಗಳನ್ನು ತೆರೆದೆ. ಪಟ ಇತ್ತು, ನೆಗೆಟಿವೂ ಇತ್ತು. ದೊಡ್ಡಪ್ಪಯ್ಯನ ಮೊಮ್ಮಗನನ್ನು ಕರೆದು, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಎರಡನ್ನೂ ಅವನ ಕೈಗೆ ಕೊಟ್ಟೆ. ಅವನು ನೆಗೆಟಿವನ್ನು ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿನ ಪರದೆಯ ಮೇಲೆ ತೋರಿಸಿದ. ಮಸುಕಾದದ್ದನ್ನು ಯಾವ ಯಂತ್ರವೂ ನಿಜವಾಗಿ ಸರಿಪಡಿಸಲಾರದು. ಹೊಸ ತಂತ್ರಾಂಶಗಳು ಊಹೆಯಿಂದ ಒಂದು ಮುಖವನ್ನು ಬರೆದುಕೊಡುತ್ತವಂತೆ, ಅದು ಬೇಡವೆಂದೆ. ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ಕ್ಯಾಲೆಂಡರಿನಲ್ಲಿ ಏಪ್ರಿಲ್ ತಿಂಗಳ ಹಾಳೆ. ಅದರ ಕೆಳಗೆ ಹರಿವಾಣ ಹಿಡಿದು ಒಬ್ಬ ಹೆಂಗಸು ನಿಂತಿದ್ದರು.

ಅಲ್ಲಿ ಯಾರೋ ನಿಂತಿದ್ದಾರೆಂಬುದು ನನಗೆ 1987ರಲ್ಲೇ ಗೊತ್ತಿತ್ತು. ಯಾರೆಂದು ನಾನು ನೋಡಿಯೇ ಇರಲಿಲ್ಲ. ಆ ಪಟದಲ್ಲಿ ನಾನು ನೋಡಿದ್ದು ಇಬ್ಬರನ್ನು ಮಾತ್ರ. "ಇದು ನಮ್ಮ ಅಜ್ಜಿಯಲ್ಲವೇ?" ಎಂದ ಹುಡುಗ. ದೊಡ್ಡಮ್ಮ. ಹನ್ನೊಂದು ವರ್ಷಗಳ ಮೇಲೆ ನಮ್ಮ ನಡುಮನೆಯಲ್ಲಿ ನಿಂತು ಇಬ್ಬರ ಬೆನ್ನನ್ನು ನೋಡುತ್ತಿದ್ದಾರೆ. ಕಿರಣ ಮುಟ್ಟಿ ಬಂದದ್ದು ಬಹುಶಃ ಗೋಡೆಯನ್ನಲ್ಲ, ಅವರನ್ನು. ಮೂಗುತಿಯ ಹರಳು, ಸೀರೆಯ ಅಂಚು, ಹರಿವಾಣದ ಕುಂಕುಮದ ಬಟ್ಟಲು ಎಲ್ಲವೂ ಕಾಣುತ್ತವೆ. 1998ರಲ್ಲಿ ಅವರು ತೀರಿಕೊಂಡಾಗ ಆ ಮನೆಯವರಿಗೆ ಒಂದು ಒಳ್ಳೆಯ ಪಟ ಸಿಕ್ಕಿರಲಿಲ್ಲ. ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ತೆಗೆದ, ಪಕ್ಕದವರ ಭುಜವೂ ಸೇರಿಕೊಂಡಿರುವ ಮುಖವೇ ಇಷ್ಟು ವರ್ಷ ಅವರ ಮನೆಯ ಗೋಡೆಯ ಮೇಲಿದೆ. ಆಗ ಪಟವನ್ನು ಹುಡುಕಿಕೊಂಡು ನಮ್ಮ ಮನೆಗೂ ಬಂದಿದ್ದರು. ನಾನು ಇಲ್ಲವೆಂದಿದ್ದೆ.

ಹುಡುಗ ಏನೂ ಅನ್ನಲಿಲ್ಲ. ಪೂರ್ತಿ ಪಟದ ಒಂದು ದೊಡ್ಡ ಪ್ರಿಂಟನ್ನು ಮಾಡಿಸುತ್ತೇನೆ, ಏನನ್ನೂ ಕತ್ತರಿಸುವುದಿಲ್ಲ ಎಂದ. ಬಂಧುಗಳಲ್ಲಿ ಪ್ರತಿ ಬೇಕಾದವರು ಅವನನ್ನು ಕೇಳಬಹುದು.

ಸ್ಟುಡಿಯೋದವರ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಇದನ್ನು ಬರೆದು ಮುಗಿಸಿದ ಮೇಲೆ ನಾನೇ ಅವರ ಮಗನ ಅಂಗಡಿಗೆ ಹೋಗಿ ಈ ಬರಹದ ಒಂದು ಪ್ರತಿಯನ್ನು ಕೊಟ್ಟು ಬಂದೆ. ಗಿರಾಕಿಗಳಿದ್ದರು, ಆಮೇಲೆ ಓದುತ್ತೇನೆಂದು ಮೇಜಿನ ಸೆಳೆಖಾನೆಯಲ್ಲಿಟ್ಟುಕೊಂಡ. ಮೊನ್ನೆ ಪಿಂಚಣಿಯ ಕಾಗದ ಜೆರಾಕ್ಸ್ ಮಾಡಿಸಲು ಮತ್ತೆ ಹೋಗಿದ್ದೆ. ಎರಡು ಪ್ರತಿ ತೆಗೆದುಕೊಟ್ಟ, ದುಡ್ಡು ತೆಗೆದುಕೊಂಡ, "ನಮಸ್ಕಾರ ಮಾಸ್ತರೇ" ಎಂದ. ಓದಿದನೇ ಎಂದು ನಾನು ಕೇಳಲಿಲ್ಲ.